ಮಂಡಿಕಲ್ಲಿಗೊಂದು ರೋಮನ್ ತೋಟ

ಬೆಂಗಳೂರಿನಿಂದ ಮಂಡಿಕಲ್ಲಿಗೆ ನೆಟ್ಟಗೆ ಹೋಗುವುದಾದರೆ ದಾರಿ ಸುಲಭ. ಹೈದರಾಬಾದ್ ಹೆದ್ದಾರಿ ಹಿಡಿದು ದೇವನಹಳ್ಳಿ, ಚಿಕ್ಕಬಳ್ಳಾಪುರ ದಾಟಿ, ಪೆರೇಸಂದ್ರದಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಆಯಿತು. ನಾನು ನಂದಿ ಗ್ರಾಮದ ಮೇಲೆ ಬಳಸಿಕೊಂಡು ಹೋದೆ. ಮಂಡಿಕಲ್ ಹೋಬಳಿಯ ಒಂದು ಹಳ್ಳಿಯಲ್ಲಿ ಗೆಳೆಯರೊಬ್ಬರ ಕುಟುಂಬ ಎರಡು ಎಕರೆ ಜಮೀನಿನಲ್ಲಿ ಹೊಸ ಮನೆ ಕಟ್ಟಿಸುತ್ತಿದೆ. ಅದರ ಸುತ್ತ ತೋಟದ ವಿನ್ಯಾಸ ಮಾಡಿಕೊಡುವ ಕೆಲಸ ನನ್ನದು. ಅವರು ಕೇಳಿದ್ದು ಇಷ್ಟೇ: "ರೋಮನ್ ಸ್ಟೈಲಲ್ಲಿ ಇರಲಿ. ಹಳೇದೂ ಅನ್ನಿಸಬೇಕು, ಈಗಿನ ಕಾಲದ್ದೂ ಆಗಿರಬೇಕು." ಜೊತೆಗೆ ಫೋನಿಗೆ ಒಂದಷ್ಟು ಚಿತ್ರ ಕಳಿಸಿದ್ದರು. ಕಲ್ಯಾಣ ಮಂಟಪದ ಮುಂದಿನ ಬಿಳಿ ಕಂಬಗಳು, ಕೊಡ ಹಿಡಿದ ಬಿಳಿ ಹೆಣ್ಣಿನ ಪ್ರತಿಮೆ, ಮೂರಂತಸ್ತಿನ ಕಾರಂಜಿ, ಕಣ್ಣು ಹಾಯುವಷ್ಟು ಹುಲ್ಲುಹಾಸು.

ಎರಡು ಸಾವಿರ ವರ್ಷದ ಹಿಂದಿನ ಚೆಲುವೊಂದು ತನ್ನ ಮನೆಯ ಅಂಗಳದಲ್ಲಿರಲಿ ಎಂದು ರಾಗಿ ಬೆಳೆಯುವ ಮನೆತನವೊಂದು ಬಯಸುವುದು ನನಗೆ ಬಹಳ ಇಷ್ಟವಾಯಿತು. ಆದರೆ ಆ ಚಿತ್ರಗಳಲ್ಲಿದ್ದದ್ದು ರೋಮಿನ ತೋಟವಲ್ಲ. ರೋಮಿನವರು ತಮ್ಮ ಅಮೃತಶಿಲೆಯ ಪ್ರತಿಮೆಗಳಿಗೆ ಕೆಂಪು, ನೀಲಿ, ಹೊಂಬಣ್ಣ ಬಳಿಯುತ್ತಿದ್ದರು. ಮಣ್ಣಲ್ಲಿ ಹೂತು, ಬಣ್ಣವೆಲ್ಲ ಉದುರಿದ ಮೇಲೆ ಸಿಕ್ಕಿದ್ದನ್ನು ನೋಡಿ ಲೋಕ ಬಿಳಿಯೇ ಅದರ ಬಣ್ಣವೆಂದು ನಂಬಿತು. ಕಣ್ಣು ಹಾಯುವಷ್ಟು ಹುಲ್ಲುಹಾಸಂತೂ ಬಹಳ ಈಚಿನದು. ವರ್ಷವಿಡೀ ಜಿನುಗು ಮಳೆ ಬೀಳುವ ಉತ್ತರ ಯುರೋಪಿನಲ್ಲಿ, ಅದರಲ್ಲೂ ಇಂಗ್ಲೆಂಡಿನಲ್ಲಿ ಅದು ಬೆಳೆದು ಬಂತು. ಹಾಗಾದರೆ ನಿಜವಾದ ರೋಮನ್ ತೋಟದಲ್ಲಿ ಏನಿತ್ತು? ಸುಡುವ ಬೇಸಿಗೆಗೆ ನೆರಳಿತ್ತು. ಅಳೆದು ಹಿಡಿದಿಟ್ಟ ನೀರಿತ್ತು. ಬಾಗಿಲಲ್ಲಿ ನಿಂತರೆ ಮನೆಯ ಹಿಂದಿನ ಗೋಡೆಯವರೆಗೆ ನೋಟವನ್ನು ಎಳೆದೊಯ್ಯುವ ಒಂದು ನೇರ ಗೆರೆ ಇತ್ತು. ಈ ಮೂರಕ್ಕೂ ಬೇಕಾದ ಸಾಮಾನು ಚಿಕ್ಕಬಳ್ಳಾಪುರದ ಸೀಮೆಯಲ್ಲೇ ಇದೆ ಎಂಬ ಅನಿಸಿಕೆ ನನಗೆ ಮೊದಲಿನಿಂದಲೂ ಇತ್ತು. ಜಮೀನಿನ ಮೇಲೆ ನಿಲ್ಲುವ ಮೊದಲು ಅದನ್ನು ಕಣ್ಣಾರೆ ಕಂಡು ಹೋಗೋಣವೆಂದೇ ನಂದಿಯ ದಾರಿ ಹಿಡಿದದ್ದು.

ಶಿವರಾತ್ರಿ ಆಗಷ್ಟೇ ಕಳೆದಿತ್ತು. ಭೋಗನಂದೀಶ್ವರ ದೇವಾಲಯದ ಬೀದಿಯಲ್ಲಿ ಜಾತ್ರೆಯ ಅಂಗಡಿಗಳ ಗಳು ಬಿಚ್ಚುತ್ತಿದ್ದರು. ಕಡಲೆಪುರಿ ಚೆಲ್ಲಿದ್ದ ಕಡೆ ಪಾರಿವಾಳಗಳು ಇಳಿದಿದ್ದವು. ಇದು ಸಾವಿರ ವರ್ಷಕ್ಕೂ ಹಳೆಯ ಗುಡಿ. ನೊಳಂಬರು, ಬಾಣರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಹೀಗೆ ಒಬ್ಬರಾದ ಮೇಲೊಬ್ಬರು ಇಲ್ಲಿ ಕಲ್ಲು ಸೇರಿಸುತ್ತ ಬಂದಿದ್ದಾರೆ. ಎಲ್ಲರೂ ಮಂಟಪದ ಕರಿಕಲ್ಲಿನ ಕೆತ್ತನೆಯ ಮುಂದೆ ನಿಲ್ಲುತ್ತಾರೆ. ನಾನು ಅಂಗಳ ದಾಟಿ ಶೃಂಗಿತೀರ್ಥಕ್ಕೆ ಹೋದೆ.

ಕಲ್ಯಾಣಿಯೊಂದನ್ನು ತೋಟ ಕಟ್ಟುವವರ ಕಣ್ಣಿನಿಂದ ನೋಡುವುದಕ್ಕೆ ಶೃಂಗಿತೀರ್ಥದಂಥ ಜಾಗ ನಮ್ಮಲ್ಲಿ ಕಡಿಮೆ. ಚೌಕದ ಸುತ್ತ ಕಂಬಗಳ ಸಾಲು, ಕಂಬದ ಬುಡದಿಂದ ನಾಲ್ಕೂ ಕಡೆ ಇಳಿಯುವ ಮೆಟ್ಟಿಲು, ನಡುವೆ ನೀರು. ಅಲ್ಲಿ ಗಿಡವಿಲ್ಲ, ಹೂವಿಲ್ಲ. ಆದರೂ ಒಳಗೆ ಕಾಲಿಟ್ಟ ಕೂಡಲೇ ದನಿ ತಗ್ಗುತ್ತದೆ, ನಡಿಗೆ ನಿಧಾನವಾಗುತ್ತದೆ. ಕಂಬಸಾಲಿನ ನೆರಳಿನಲ್ಲಿ ಕೂತು ಗಮನಿಸಿದೆ: ಮೆಟ್ಟಿಲಿನ ಎತ್ತರ ಎಲ್ಲ ಕಡೆ ಒಂದೇ ಇರುವುದರಿಂದ ನೀರು ಎಷ್ಟೇ ಇಳಿದರೂ ಅದರ ಅಂಚು ಚೌಕವಾಗಿಯೇ ಉಳಿಯುತ್ತದೆ. ಮಳೆಗಾಲದಲ್ಲಿ ದೊಡ್ಡ ಚೌಕ, ಬೇಸಿಗೆಯಲ್ಲಿ ಸಣ್ಣ ಚೌಕ. ನೀರು ಕಡಿಮೆಯಾದದ್ದು ಕಣ್ಣಿಗೆ ಕೊರತೆಯಾಗಿ ಕಾಣುವುದೇ ಇಲ್ಲ. ಈಗಿನ ಸಿಮೆಂಟಿನ ಕೊಳಗಳಲ್ಲಿ ನೀರು ಒಂದಡಿ ಇಳಿದರೆ ಪಾಚಿಗಟ್ಟಿದ ಗೋಡೆ ಎದ್ದು ಕಾಣುತ್ತದೆ. ಅದಕ್ಕೇ ಅವುಗಳಿಗೆ ದಿನವೂ ನೀರು ತುಂಬಿಸಬೇಕು. ಬರ ಕಂಡ ಊರಿನ ಶಿಲ್ಪಿಗೆ ಬರವನ್ನೂ ಲೆಕ್ಕಕ್ಕೆ ಹಿಡಿದು ಕಟ್ಟುವುದು ಗೊತ್ತಿತ್ತು.

ರೋಮಿನ ಮನೆಗಳ ಒಳ ಅಂಗಳವೂ ಹೀಗೆಯೇ: ಸುತ್ತ ಕಂಬ, ನಡುವೆ ತೋಟ, ತೋಟದ ನಡುವೆ ನೀರು. ಅದಕ್ಕೂ ಮುಂಚೆ, ಮನೆಯ ಮುಂಭಾಗದಲ್ಲಿ, ಮಾಡು ನಾಲ್ಕೂ ಕಡೆಯಿಂದ ಒಳಕ್ಕೆ ಇಳಿಜಾರಾಗಿ ನಡುವೆ ತೆರೆದಿರುತ್ತಿತ್ತು. ಮಳೆನೀರು ಕೆಳಗಿನ ತೊಟ್ಟಿಗೆ ಬಿದ್ದು ನೆಲದಡಿಯ ಹೊಂಡಕ್ಕೆ ಇಳಿಯುತ್ತಿತ್ತು. ನಮ್ಮ ತೊಟ್ಟಿಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡನೆಯ ಶತಮಾನದಲ್ಲಿ ಹೇಡ್ರಿಯನ್ ಚಕ್ರವರ್ತಿ ಟಿವೊಲಿಯ ತನ್ನ ಅರಮನೆಯಲ್ಲಿ ನೂರು ಮೀಟರಿಗೂ ಉದ್ದದ ಕೊಳವೊಂದನ್ನು ಕಟ್ಟಿಸಿ ಅಂಚಿಗೆ ಕಂಬ ನಿಲ್ಲಿಸಿದ. ಅವನ ಶಿಲ್ಪಿಗಳು ನಂದಿಯನ್ನು ಕಂಡವರಲ್ಲ, ನಂದಿಯವರು ಟಿವೊಲಿಯನ್ನು ಕೇಳಿದವರಲ್ಲ. ಬಿಸಿಲು ಹೆಚ್ಚು, ಕಲ್ಲು ಧಾರಾಳ, ಮಳೆ ಕೆಲವೇ ತಿಂಗಳು ಎಂಬ ಸೀಮೆಯಲ್ಲಿ ಕೈ ತಾನಾಗಿ ಈ ಕಡೆಗೆ ಹೋಗುತ್ತದೆ ಎಂದು ನನ್ನ ನಂಬಿಕೆ.

ಗುಡಿಯಿಂದ ಬೆಟ್ಟ ಹತ್ತಿದೆ, ಆದರೆ ಮೇಲೆ ಹೆಚ್ಚು ಹೊತ್ತು ಇರಲಿಲ್ಲ. 1478 ಮೀಟರ್ ಎತ್ತರದ ನಂದಿಬೆಟ್ಟ ಬ್ರಿಟಿಷರ ಕಾಲದಿಂದಲೂ ತಂಪಿಗೆ ಹೆಸರಾದದ್ದು. ಕಬ್ಬನ್ ಸಾಹೇಬರ ಬಂಗಲೆ ಇಂದು ನೆಹರೂ ನಿಲಯ. 1927ರಲ್ಲಿ ಆರೋಗ್ಯ ಕೆಟ್ಟಿದ್ದ ಗಾಂಧೀಜಿ ಇಲ್ಲಿ ಬಂದು ಸುಧಾರಿಸಿಕೊಂಡರು. ಅಲ್ಲಿನ ಹೂಪಾತಿ, ಕತ್ತರಿಸಿದ ಬೇಲಿಗಳೆಲ್ಲ ಬೆಟ್ಟದ ಮಂಜಿಗೆ ಹೊಂದಿಕೊಂಡವು. ಕೆಳಗಿನ ಬಯಲಿಗೆ ಆಗಿಬರುವಂಥವಲ್ಲ. ಅಮೃತ ಸರೋವರದ ಮೆಟ್ಟಿಲುಗಳನ್ನು ಮಾತ್ರ ಇನ್ನೊಮ್ಮೆ ನೋಡಿ ಇಳಿದೆ.

ಬೆಟ್ಟದ ಬುಡದಿಂದ ಸ್ವಲ್ಪ ದೂರದ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆ ಮತ್ತು ಸಮಾಧಿ ಇವೆ. ಅವರ ಹೆಸರಿನೊಂದಿಗೆ ಕನ್ನಂಬಾಡಿ ನೆನಪಾಗುತ್ತದೆ, ಕನ್ನಂಬಾಡಿಯೊಂದಿಗೆ ಬೃಂದಾವನ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಕಾಶ್ಮೀರದ ಶಾಲಿಮಾರ್ ತೋಟವನ್ನು ಮನಸ್ಸಿನಲ್ಲಿಟ್ಟುಕೊಂಡು 1927ರಲ್ಲಿ ಶುರುಮಾಡಿಸಿದ ತೋಟ ಅದು, 1932ಕ್ಕೆ ಮುಗಿಯಿತು. ಅದರ ವಿನ್ಯಾಸದಲ್ಲಿ ಜರ್ಮನಿಯ ಜಿ. ಎಚ್. ಕೃಂಬಿಗಲ್ ಅವರ ಕೈಯಿದೆ. ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡದ ಮೂಲಕ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಲಾಲ್‌ಬಾಗನ್ನು ದಶಕಗಳ ಕಾಲ ಬೆಳೆಸಿ, 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡವರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಸಾಲುಮರ ನೆಡಬೇಕೆಂದು ಯೋಚಿಸಿದ್ದು ಅವರೇ.

ಪಶ್ಚಿಮದ ಶಾಸ್ತ್ರೀಯ ತೋಟದ ಶಿಸ್ತು ಕನ್ನಡ ನಾಡಿನಲ್ಲಿ ದೊಡ್ಡದಾಗಿ ಕಾಣಿಸಿಕೊಂಡದ್ದು ಇಂಥವರಿಂದ. ಬೃಂದಾವನದಲ್ಲಿ ನಡುಗೆರೆಯೊಂದು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ; ಎಡಬಲ ಒಂದಕ್ಕೊಂದು ಸಮ; ಒಂದೊಂದು ಜಗಲಿ ಇಳಿದಂತೆ ಒಂದೊಂದು ನೋಟ ತೆರೆಯುತ್ತದೆ. ಮೊಘಲರ ತೋಟ, ಇಟಲಿಯ ಹದಿನಾರನೇ ಶತಮಾನದ ತೋಟ ಎರಡೂ ಅಲ್ಲಿ ಕೈಕುಲುಕುತ್ತವೆ. ಆದರೆ ಬೃಂದಾವನದ ಬೆನ್ನಿಗೆ ಕಾವೇರಿಯೇ ನಿಂತಿದ್ದಾಳೆ. ಅಣೆಕಟ್ಟೆಯ ನೀರಿನ ಭಾರದಿಂದ ಚಿಮ್ಮುವ ಕಾರಂಜಿಯನ್ನು ಮಂಡಿಕಲ್ಲಿನಲ್ಲಿ ಕೇಳುವುದು ನ್ಯಾಯವಲ್ಲ. ಆ ಶಿಸ್ತನ್ನು ಇಟ್ಟುಕೊಂಡು ಆ ನೀರನ್ನು ಬಿಡುವುದು ಹೇಗೆ? ಇದೇ ಪ್ರಶ್ನೆ ಹೊತ್ತು ಮುದ್ದೇನಹಳ್ಳಿ ಬಿಟ್ಟೆ.

ಉತ್ತರದ ಅರ್ಧ ಭಾಗ ಚಿಕ್ಕಬಳ್ಳಾಪುರದ ದಾರಿಯಲ್ಲೇ ಸಿಕ್ಕಿತು, ದ್ರಾಕ್ಷಿ ತೋಟವೊಂದರಲ್ಲಿ.

ಈ ಕಡೆಯ ದ್ರಾಕ್ಷಿ ಚಪ್ಪರಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದವರು ಬಹಳ. ಒಳಗೆ ಹೋದವರು ಕಡಿಮೆ. ರಸ್ತೆಬದಿಯ ತೋಟದ ಯಜಮಾನರನ್ನು ಕೇಳಿದೆ, "ಬನ್ನಿ ಸಾರ್, ನೋಡಕ್ಕೇನು" ಅಂದರು. ಬಗ್ಗಿ ಒಳಹೊಕ್ಕರೆ ಬೇರೆಯೇ ಲೋಕ. ಅಳತೆ ಹಿಡಿದು ನೆಟ್ಟ ಕಲ್ಲುಕೂಚಗಳು ಸಾಲುಸಾಲಾಗಿ ನಿಂತಿದ್ದವು. ನೆಟ್ಟಗೆ ನೋಡಿದರೂ ಒಂದು ಸಾಲು, ಓರೆಯಾಗಿ ನೋಡಿದರೂ ಒಂದು ಸಾಲು. ತಲೆಯ ಮೇಲೆ ಗೇಣು ಎತ್ತರದಲ್ಲಿ ತಂತಿಯ ಜಾಲರಿ, ಅದರ ಮೇಲೆಲ್ಲ ಎಲೆ, ಕೆಳಗೆ ಬಣ್ಣ ತಿರುಗುತ್ತಿದ್ದ ಬೆಂಗಳೂರು ಬ್ಲೂ ಗೊಂಚಲುಗಳು. ಒಂದೇ ಗೊಂಚಲಿನಲ್ಲಿ ಹಸಿರು, ನಸುಗೆಂಪು, ಕಡುನೀಲಿ ಹಣ್ಣು. ಆ ಹಣ್ಣಿನ ಗಾಢ ಪರಿಮಳ ಚಪ್ಪರದಡಿ ಕಟ್ಟಿಕೊಂಡಿತ್ತು. ಹೊರಗೆ ಬಿಸಿಲು ಮುಖಕ್ಕೆ ಹೊಡೆಯುತ್ತಿದ್ದರೆ ಒಳಗೆ ನೆಲದ ಮೇಲೆ ಕಾಸಿನಗಲದ ಬೆಳಕು ಮಾತ್ರ ಅಲ್ಲಲ್ಲಿ.

ಒಂದು ಕೂಚದ ಮೈ ಮುಟ್ಟಿ ನೋಡಿದೆ. ಬಂಡೆಯಿಂದ ಬಿಡಿಸುವಾಗ ಬೆಣೆ ಹೊಡೆದ ಗುರುತುಗಳು ಒಂದು ಅಂಚಿನುದ್ದಕ್ಕೂ ಗೇಣಿಗೊಂದರಂತೆ ಉಳಿದಿದ್ದವು. ಉಜ್ಜಿಲ್ಲ, ಹೊಳಪು ಕೊಟ್ಟಿಲ್ಲ. ಒಂದು ಮುಖ ಚಪ್ಪಟೆ, ಇನ್ನೊಂದು ಉಬ್ಬು. ತಂತಿ ಬಿಗಿದ ಕಡೆ ತುಕ್ಕಿನ ಗೆರೆ ಇಳಿದು ಕಲ್ಲಿನ ಬೂದಿಬಣ್ಣಕ್ಕೆ ಕಾವಿ ಬೆರೆತಿತ್ತು.

"ಕೂಚ ನಮ್ಮಪ್ಪನ ಕಾಲ್ದು," ಅಂದರು ಯಜಮಾನರು. "ತಂತಿ ಬದಲಾಯಿಸಿದೀವಿ, ಬಳ್ಳಿ ಕಿತ್ತು ಹೊಸದು ಹಾಕಿದೀವಿ. ಕಲ್ಲು ಹಂಗೇ ಐತೆ."

"ಬಳ್ಳಿ ತೆಗೆದುಬಿಟ್ಟರೆ ಕೂಚ ಏನು ಮಾಡ್ತೀರಿ?"

"ಮಾರ್ತಾರೆ. ಇಲ್ಲ ಬೇಲಿಗೆ ನೆಡ್ತಾರೆ. ಕಲ್ಲಿಗೇನು ಸಾರ್, ಎಲ್ಲಿ ನಿಲ್ಲಿಸಿದ್ರೆ ಅಲ್ಲಿ ನಿಂತ್ಕಂತದೆ."

ಕಿರಿಯ ಪ್ಲಿನಿ ಎಂಬ ರೋಮನ್ ಗೃಹಸ್ಥ ತನ್ನ ತಸ್ಕನಿಯ ತೋಟದ ಬಗ್ಗೆ ಗೆಳೆಯನಿಗೆ ಬರೆದ ಕಾಗದ ತೋಟಶಾಸ್ತ್ರದಲ್ಲಿ ಬಹಳ ಪ್ರಸಿದ್ಧ. ಕ್ರಿಸ್ತಶಕ ಒಂದನೆಯ ಶತಮಾನ ಮುಗಿದು ಎರಡನೆಯದು ಶುರುವಾಗುವ ಹೊತ್ತಿನ ಮಾತು. ತೋಟದ ತುದಿಯಲ್ಲಿ ಕೂರಲು ಅಮೃತಶಿಲೆಯ ಕಟ್ಟೆ, ಅದರ ಮೇಲೆ ನಾಲ್ಕು ಸಣ್ಣ ಕಂಬ ಹೊತ್ತ ದ್ರಾಕ್ಷಿ ಚಪ್ಪರ, ಕಟ್ಟೆಯ ಅಡಿಯಿಂದ ಜನ ಕೂತ ಭಾರಕ್ಕೆ ಉಕ್ಕಿತೋ ಎಂಬಂತೆ ಹೊರಬರುವ ನೀರು. ಆ ನೀರು ಒಂದು ತೊಟ್ಟಿ ಸೇರುತ್ತದೆ. ಊಟದ ಹೊತ್ತಿನಲ್ಲಿ ಹಗುರ ಭಕ್ಷ್ಯಗಳ ತಟ್ಟೆಗಳು ದೋಣಿಯ, ಹಕ್ಕಿಯ ಆಕಾರದಲ್ಲಿ ಅದರ ಮೇಲೆ ತೇಲುತ್ತವೆ. ಶ್ರೀಮಂತನ ಆ ವಿಲಾಸದ ನೆತ್ತಿಯ ಮೇಲಿದ್ದದ್ದು ದ್ರಾಕ್ಷಿ ಬೆಳೆಗಾರನ ಚಪ್ಪರವೇ. ಇಂದು ಜಗತ್ತಿನ ವಿನ್ಯಾಸಕಾರರು ಪರ್ಗೋಲಾ ಎಂದು ಕರೆದು ಉಕ್ಕಿನಲ್ಲಿ, ಬೆಲೆಬಾಳುವ ಮರದಲ್ಲಿ ಮಾಡಿಸುವುದರ ಮೂಲ ಹೊಲದಲ್ಲಿದೆ.

ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಪೊಂಪೇಯಿಯಲ್ಲಿ ಸಿಕ್ಕಿತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಆ ಪಟ್ಟಣ ಬೂದಿ, ಸಣ್ಣಕಲ್ಲುಗಳ ಅಡಿ ಹೂತುಹೋಯಿತು. ಗಿಡಮರಗಳ ಬೇರು ಕೊಳೆತು, ಅವು ಇದ್ದ ಜಾಗ ಟೊಳ್ಳಾಗಿ ಉಳಿಯಿತು. ವಿಲ್ಹೆಲ್ಮಿನಾ ಜಶೆಮ್ಸ್ಕಿ ಎಂಬ ಅಮೆರಿಕದ ವಿದ್ವಾಂಸೆ 1960ರ ದಶಕದಿಂದ ವರ್ಷಾನುವರ್ಷ ಅಲ್ಲಿಗೆ ಹೋಗಿ, ಆ ಟೊಳ್ಳುಗಳನ್ನು ಒಂದೊಂದಾಗಿ ಚೊಕ್ಕಟ ಮಾಡಿಸಿ, ಸಿಮೆಂಟು ಹೊಯ್ಯಿಸಿ, ಗಟ್ಟಿಯಾದ ಮೇಲೆ ಸುತ್ತಲ ಮಣ್ಣು ಬಿಡಿಸಿದರು. ಎರಡು ಸಾವಿರ ವರ್ಷದ ಹಿಂದೆ ಕೊಳೆತ ಬೇರಿನ ಆಕಾರ ಕೈಗೆ ಸಿಕ್ಕಿತು. ಯಾವ ಗಿಡ, ಎಷ್ಟು ದೂರಕ್ಕೊಂದು, ಯಾವ ಸಾಲಿನಲ್ಲಿ ಎಂದೆಲ್ಲ ಓದಲು ಸಾಧ್ಯವಾಯಿತು. ಊರಿನ ಆಂಫಿಥಿಯೇಟರಿನ ಹತ್ತಿರ, ದನದ ಸಂತೆಯ ಜಾಗವೆಂದು ಹಿಂದಿನವರು ತಿಳಿದಿದ್ದ ದೊಡ್ಡ ಆವರಣ ನಿಜದಲ್ಲಿ ದ್ರಾಕ್ಷಿ ತೋಟ ಎಂದು ಗೊತ್ತಾಯಿತು. ಎರಡು ಸಾವಿರಕ್ಕೂ ಹೆಚ್ಚು ಬಳ್ಳಿಯ ಬೇರು ಅಲ್ಲಿತ್ತು. ಪಟ್ಟಣದ ಗೋಡೆಯೊಳಗೇ ಬೆಳೆ ತೆಗೆಯುತ್ತಿದ್ದರು, ಹೂವು ಬೆಳೆದು ಸುಗಂಧ ತೈಲ ಮಾಡುತ್ತಿದ್ದರು. ಹಿತ್ತಲು, ತೋಟ, ಹೊಲ, ಅಂಗಡಿ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿದ್ದ ಊರು ಅದು. ಸೇವಂತಿಗೆ, ಗುಲಾಬಿ ಬೆಳೆದು ಬೆಳಗಿನ ಜಾವಕ್ಕೆ ಮಾರುಕಟ್ಟೆಗೆ ಹೊರೆ ಕಳಿಸುವ ಚಿಕ್ಕಬಳ್ಳಾಪುರದ ರೈತ ಪೊಂಪೇಯಿಯ ಹಿತ್ತಲಲ್ಲಿ ನಿಂತರೆ ಅಪರಿಚಿತನಾಗಲಾರ.

ಆ ಪಟ್ಟಣದ ಒಂದು ಮನೆಯೂ ನನ್ನ ಮನಸ್ಸಿನಲ್ಲಿತ್ತು. ಆಕ್ಟೇವಿಯಸ್ ಕ್ವಾರ್ಟಿಯೊನದ್ದೆಂದು ಹೇಳುವ ಆ ಮನೆಯ ಹಿಂದಿನ ಉದ್ದನೆಯ ತೋಟದ ನಟ್ಟನಡುವೆ ಒಂದು ಕಿರುಗಾಲುವೆ ನೇರವಾಗಿ ಇಳಿದುಹೋಗುತ್ತದೆ. ಅದರ ಮೇಲೆ ಚಪ್ಪರ, ಇಕ್ಕೆಲದಲ್ಲಿ ಗಿಡ. ಅಷ್ಟೇ. ಜಾಗ ದೊಡ್ಡದಲ್ಲ, ನೀರೂ ಹೆಚ್ಚಲ್ಲ. ಗೆರೆ ಒಂದೇ, ಆದರೆ ಅದು ಇಡೀ ತೋಟಕ್ಕೆ ಬೆನ್ನೆಲುಬು.

ಚಿಕ್ಕಬಳ್ಳಾಪುರದಲ್ಲಿ ಊಟ ಮುಗಿಸಿ ಹೆದ್ದಾರಿಗೆ ಬಂದೆ. ಊರಂಚಿನ ಕಂದವಾರ ಕೆರೆಗೆ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದಿದೆ. ಆ ನೀರಿನ ಶುದ್ಧತೆಯ ಬಗ್ಗೆ ರೈತರಲ್ಲಿ ಆತಂಕವೂ ಇದೆ, ಇನ್ನೊಂದು ಹಂತದ ಸಂಸ್ಕರಣೆ ಬೇಕೆಂಬ ಒತ್ತಾಯವೂ ಇದೆ. ಅಕ್ಕಪಕ್ಕದ ನಂದಿ ಸಾಲಿನಲ್ಲಿ ಅರ್ಕಾವತಿ, ಪಿನಾಕಿನಿ, ಚಿತ್ರಾವತಿ, ಪಾಲಾರ್ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅಷ್ಟೂ ನದಿಗಳನ್ನು ಹೊರಗೆ ಕಳಿಸಿಕೊಟ್ಟ ನಾಡಿನಲ್ಲಿ ವರ್ಷವಿಡೀ ಹರಿಯುವ ಒಂದೂ ಹೊಳೆ ಇಲ್ಲ. ಕೆರೆ, ಕುಂಟೆ, ಬಾವಿ ಕಟ್ಟಿ ಬದುಕಿದ ಜನ ಈಗ ಸಾವಿರ ಅಡಿಗೂ ಮೀರಿ ಬೋರ್‌ವೆಲ್ ಕೊರೆಯುತ್ತಿದ್ದಾರೆ. ಇಂಥ ಕಡೆ ಮೂರಂತಸ್ತಿನ ಕಾರಂಜಿಯ ಚಿತ್ರವನ್ನು ಗೆಳೆಯರು ಕಳಿಸಿದ್ದು ನೀರಿನ ಬಗೆಗಿನ ಆಸೆಯಿಂದಲೇ ಎಂದು ನನಗೆ ಅನ್ನಿಸಿತು. ಇಲ್ಲದ್ದನ್ನೇ ಅಲ್ಲವೇ ಮನುಷ್ಯ ಅಂಗಳದ ನಡುವೆ ಇಡಲು ಬಯಸುವುದು.

ಫ್ರಾನ್ಸಿನ ದೊರೆಗೂ ಈ ಕೊರತೆ ತಪ್ಪಲಿಲ್ಲ. ವರ್ಸೇಲ್ಸಿನ ಕಾರಂಜಿಗಳಿಗಾಗಿ ಹದಿನಾಲ್ಕನೇ ಲೂಯಿ ಸೇನ್ ನದಿಯಿಂದ ನೀರೆತ್ತಲು ಮಾರ್ಲಿಯಲ್ಲಿ ಹದಿನಾಲ್ಕು ಭಾರಿ ಚಕ್ರಗಳ, ಇನ್ನೂರಕ್ಕೂ ಹೆಚ್ಚು ಪಂಪುಗಳ ಯಂತ್ರ ಕಟ್ಟಿಸಿದ. 1684ರಲ್ಲಿ ಅದು ಚಾಲೂ ಆಯಿತು. ಆದರೂ ಎಲ್ಲ ಕಾರಂಜಿಗಳನ್ನು ಒಟ್ಟಿಗೆ ಹೊತ್ತುಗಟ್ಟಲೆ ಹಾರಿಸುವಷ್ಟು ನೀರು ಆಗಲಿಲ್ಲ. ದೊರೆ ತೋಟದಲ್ಲಿ ನಡೆದುಬರುವಾಗ ಕೆಲಸದವರು ಶಿಳ್ಳೆ ಹಾಕಿ ಮುಂದಿನವರಿಗೆ ಸೂಚನೆ ಕೊಡುತ್ತಿದ್ದರು. ಆತ ಬರುವ ಕಡೆ ನೀರು ಬಿಡುವುದು, ದಾಟಿದ ಮೇಲೆ ನಿಲ್ಲಿಸುವುದು. ಅದೇ ಇಟಲಿಯ ಟಿವೊಲಿಯಲ್ಲಿ, ಹದಿನಾರನೇ ಶತಮಾನದ ವಿಲ್ಲಾ ದೆಸ್ತೆಯ ನೂರಾರು ಚಿಲುಮೆಗಳು ಒಂದೂ ಪಂಪಿಲ್ಲದೆ, ಅನಿಯೇನೆ ನದಿಯಿಂದ ಇಳಿಜಾರಿನಲ್ಲಿ ಬಂದ ನೀರಿನ ಒತ್ತಡದಿಂದಲೇ ಚಿಮ್ಮುತ್ತಿದ್ದವು. ನೆಲದ ಇಳುಕಲು ಬಲ್ಲವನಿಗೆ ಯಂತ್ರದ ಹಂಗು ಕಡಿಮೆ.

ಪೆರೇಸಂದ್ರದಲ್ಲಿ ತಿರುಗಿದ ಮೇಲೆ ದಾರಿ ಕಿರಿದಾಯಿತು. ಕಟಾವಾದ ಮುಸುಕಿನ ಜೋಳದ ಹೊಲಗಳು, ಟೊಮೊಟೊ ಗೂಟಗಳು, ಅಲ್ಲೊಂದು ಇಲ್ಲೊಂದು ಪಾಲಿಹೌಸು, ದೂರದಲ್ಲಿ ಬೋಳು ಬಂಡೆಯ ಗುಡ್ಡಗಳು. ಮಂಡಿಕಲ್ಲಿನ ಟೀ ಅಂಗಡಿಯಲ್ಲಿ ದಾರಿ ಕೇಳಿದರೆ ಒಬ್ಬರು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸಿದರು. ಎರಡೂ ಅವರಿಗೆ ಒಂದೇ ಮಾತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಜಮೀನು ಸೇರಿದೆ.

ಭೂಮಿ ಪಡುವಣದಿಂದ ಮೂಡಣಕ್ಕೆ ಸಣ್ಣಗೆ ಇಳಿಯುತ್ತದೆ. ಮೇಲ್ಗಡೆ ಮನೆ, ಕೆಳತುದಿಯಲ್ಲಿ ಹೂಳು ತುಂಬಿದ ಹಳೆಯ ಕುಂಟೆ, ಅದರ ಏರಿಯ ಮೇಲೆ ಒಂದು ದೊಡ್ಡ ಹುಣಸೆ. ನಡುವೆ, ಮನೆಗೆ ಹತ್ತಿರದಲ್ಲಿ, ಸಗಣಿ ಸಾರಿಸಿ ಗಟ್ಟಿಯಾದ ದುಂಡನೆಯ ಕಣ. ಗೆಳೆಯರ ಅಜ್ಜಿ ಅಲ್ಲೇ ಹುರುಳಿ ಹರವಿ ಕೂತಿದ್ದರು. ನಾನು ಟೇಪು ಹಿಡಿದು ಅಳೆಯುವುದನ್ನು ಸ್ವಲ್ಪ ಹೊತ್ತು ನೋಡಿ ಮೊಮ್ಮಗನನ್ನು ಕರೆದು ಅಂದರು: "ಹೂವಿನ ತೋಟ ಏನ್ ಬೇಕಾದ್ರೂ ಮಾಡ್ಕಳಪ್ಪ. ಕಣ ಮಾತ್ರ ಮುಟ್ಟಬೇಡಿ. ರಾಗಿ ಎಲ್ಲಿ ಒಣಗಿಸ್ತೀಯ?"

ಗೆಳೆಯರು ಅಲ್ಲಿ ಹುಲ್ಲುಹಾಸು, ನಡುವೆ ಕಾರಂಜಿ ಎಂದುಕೊಂಡಿದ್ದರು. ನಾನು ಅಜ್ಜಿಯ ಪಕ್ಷ ಹಿಡಿದೆ. ಪ್ರಾಚೀನ ರೋಮಿನ ಕೃಷಿ ಗ್ರಂಥಕಾರ ವಾರೊ ಕಣ ದುಂಡಗಿರಬೇಕು, ನಡುವೆ ತುಸು ಉಬ್ಬಿರಬೇಕು, ಮಳೆ ಬಿದ್ದರೆ ನೀರು ನಿಲ್ಲದೆ ಹರಿದುಹೋಗಬೇಕು ಎಂದು ವಿವರವಾಗಿ ಬರೆದಿದ್ದಾನೆ. ರೋಮಿನ ಹಳ್ಳಿಮನೆಯಲ್ಲಿ ಕಣವಿತ್ತು. ನಾವು ಕಣ ತೆಗೆದುಹಾಕಿ ರೋಮನ್ ತೋಟ ಮಾಡಿದರೆ ಅದು ರೋಮಿಗೂ ಮಂಡಿಕಲ್ಲಿಗೂ ದೂರವಾಗುತ್ತದೆ. ಆ ದುಂಡು ಅಂಗಳವೇ ತೋಟದ ನಡುವಾಗಲಿ, ಮನೆಬಾಗಿಲಿಂದ ಹುಣಸೆಮರದವರೆಗೆ ಎಳೆಯುವ ಗೆರೆ ಅದರ ಮೂಲಕವೇ ಹಾಯಲಿ ಎಂದೆ.

ಅಲ್ಲೇ ಕೂತು ಕಾಗದದ ಮೇಲೆ ಗೀಚಿದೆವು. ಗೆರೆ ಎಂದರೆ ಒಂದಡಿ ಅಗಲದ ಕಲ್ಲುಕಾಲುವೆ. ಈ ಸೀಮೆಯ ವಾರ್ಷಿಕ ಮಳೆ ಸುಮಾರು 700 ಮಿಲಿಮೀಟರ್. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 200 ಚದರ ಮೀಟರಿನ ಮಾಡಿಗೆ ವರ್ಷಕ್ಕೆ 1,40,000 ಲೀಟರ್. ಆವಿ, ಸೋರಿಕೆ ಕಳೆದರೂ ಲಕ್ಷ ಲೀಟರಿಗೆ ಮೋಸವಿಲ್ಲ. ಅದು ಮನೆಯ ತೊಟ್ಟಿಗೆ ಬಿದ್ದು, ಹೊಂಡ ತುಂಬಿದ ಮೇಲೆ ಕಾಲುವೆಗಿಳಿದು, ಕಣದ ಅಂಚನ್ನು ಬಳಸಿಕೊಂಡು, ಕುಂಟೆ ಸೇರಬೇಕು. ಮಳೆ ಬಂದ ದಿನ ನೀರು ಹರಿಯುತ್ತದೆ, ಉಳಿದ ದಿನ ಇಲ್ಲ. ಪಂಪಿಲ್ಲ, ಕರೆಂಟಿಲ್ಲ. ಬೇಸಿಗೆಯಲ್ಲಿ ಒಣಗಿ ನಿಂತಾಗಲೂ ಅದು ಚೆಂದ ಕಾಣಬೇಕಾದರೆ ಕಲ್ಲು ಚೆನ್ನಾಗಿ ಕೂರಬೇಕು. ಅದಕ್ಕೆ ಶೃಂಗಿತೀರ್ಥದ ಮೆಟ್ಟಿಲೇ ನನಗೆ ಪಾಠ. ಕುಂಟೆಯ ಹೂಳು ತೆಗೆಸಿ ಮೂಡಣ ಬದಿಗೆ ಮೂರೇ ಸಾಲು ಚಪ್ಪಡಿ ಮೆಟ್ಟಿಲು ಇಳಿಸುವುದೆಂದೂ ಆಯಿತು.

ಕಂಬಕ್ಕೆ ಕಲ್ಲುಕೂಚ. ಬೆಣೆಯ ಗುರುತು ಹಾಗೇ ಇರಲಿ, ಬಣ್ಣ ಬೇಡ, ಪ್ಲಾಸ್ಟರ್ ಬೇಡ. ಮನೆಯಿಂದ ಕಣದವರೆಗೆ ಎರಡು ಸಾಲು ಕೂಚ, ಮೇಲೆ ದ್ರಾಕ್ಷಿ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣದಲ್ಲಿ ವಾಸ್ತುಶಿಲ್ಪಿ ಬಿ. ವಿ. ದೋಶಿ ಅವರು ಒರಟು ಬೂದಿಗಲ್ಲಿನ ಗೋಡೆ, ತೆರೆದ ಚಪ್ಪರದ ಓಣಿಗಳಿಂದ ಎಷ್ಟು ಘನವಾದ ನೆರಳು ಕಟ್ಟಿದ್ದಾರೆಂಬುದನ್ನು ಗೆಳೆಯರ ಮಗಳು, ವಾಸ್ತುಶಿಲ್ಪ ಓದುತ್ತಿರುವ ಹುಡುಗಿ, ತಾನೇ ನೆನಪಿಸಿದಳು. ಅಮೆರಿಕದ ತೋಟ ವಿನ್ಯಾಸಕಾರ ಡ್ಯಾನ್ ಕೈಲಿಯ ಕೆಲಸವನ್ನೂ ಅವಳು ಬಲ್ಲಳು. ಎರಡನೇ ಮಹಾಯುದ್ಧ ಮುಗಿದಾಗ ಯುರೋಪಿನಲ್ಲಿದ್ದ ಕೈಲಿ ಫ್ರಾನ್ಸಿನ ಹಳೆಯ ತೋಟಗಳ ನೇರ ಗೆರೆಗಳಿಗೆ ಮರುಳಾಗಿ, 1950ರ ದಶಕದಲ್ಲಿ ಇಂಡಿಯಾನಾದ ಕೊಲಂಬಸ್ ಊರಿನ ಮಿಲ್ಲರ್ ಮನೆಗೆ ಒಂದು ಸಾಲುಮರದ ಓಣಿ ನೆಟ್ಟ. ಕಂಬವಿಲ್ಲ, ಕಮಾನಿಲ್ಲ, ಮರದ ಸಾಲೇ ಪ್ರಾಚೀನ, ಮರದ ಸಾಲೇ ಆಧುನಿಕ. ನಮ್ಮದಕ್ಕೂ ಕಣದಿಂದ ಕುಂಟೆಯವರೆಗೆ ಎರಡು ಸಾಲು ಹೊಂಗೆ ಎಂದು ನಿಶ್ಚಯವಾಯಿತು. ರೋಮಿನವರು ನೆರಳಿಗಾಗಿ ಮುದ್ದಿಸಿ ಬೆಳೆಸುತ್ತಿದ್ದ ಪ್ಲೇನ್ ಮರ ಇಲ್ಲಿ ಬದುಕುವುದಿಲ್ಲ. ಹೊಂಗೆ ಬದುಕುತ್ತದೆ, ಯುಗಾದಿಯ ಹೊತ್ತಿಗೆ, ಬಿಸಿಲು ಏರುವಾಗಲೇ, ಹೊಸ ಎಲೆ ತಳೆದು ದಟ್ಟ ನೆರಳು ಕೊಡುತ್ತದೆ. ಕತ್ತರಿಸಿ ಬೆಳೆಸುವ ಅವರ ಬಾಕ್ಸ್ ಗಿಡದ ಬೇಲಿಯ ಬದಲು ಈ ಗುಡ್ಡಗಳಲ್ಲೇ ಬೆಳೆಯುವ ಬಂದರಿಕೆ. ಕತ್ತರಿ ಬಿದ್ದಷ್ಟೂ ಒತ್ತಾಗುತ್ತದೆ, ನೀರೂ ಕೇಳದು. ರೋಸ್‌ಮೆರಿಯ ಬದಲು ದವನ, ಮರುಗ. ಗುಲಾಬಿ ಅವರಿಗೂ ಇತ್ತು, ನಮಗೂ ಇದೆ.

ಸಂಜೆ ಕಲ್ಲು ಕೆಲಸದ ಹಿರಿಯರೊಬ್ಬರು ಬಂದರು. ನಕ್ಷೆಯನ್ನು ಹಾಗೂ ಹೀಗೂ ತಿರುಗಿಸಿ ನೋಡಿ, ಕಾಲುವೆಯ ಇಳುಕಲು ಸಾಲದು, ಕಣ ದಾಟಿದ ಮೇಲೆ ಹತ್ತಡಿಗೆ ಇನ್ನೊಂದು ಬೆರಳು ತಗ್ಗಿಸಬೇಕು, ಇಲ್ಲದಿದ್ದರೆ ಕಸ ಕಟ್ಟುತ್ತದೆ ಎಂದರು. ತಗ್ಗಿಸಿ ಬರೆದುಕೊಂಡೆ. ಹಳೇ ಕೂಚ ಎಲ್ಲಿ ಸಿಗುತ್ತದೆಂದು ಅವರಿಗೆ ಗೊತ್ತಿತ್ತು. ಬಳ್ಳಿ ಕಿತ್ತ ತೋಟವೊಂದರ ಸುದ್ದಿ ಹೇಳಿದರು. ಗೆಳೆಯರ ಹೆಂಡತಿ ಕೊನೆಗೂ ಕೇಳಿದರು, "ಹಾಗಾದ್ರೆ ನಡುವೆ ಏನೂ ಇರಲ್ವಾ? ನೋಡೋಕೆ ಒಂದು ಗುರುತು?" ಕಣದ ನಡುವೆ ಹಿಂದೆ ಮೇಟಿಯಿತ್ತಂತೆ, ಎತ್ತುಗಳು ಸುತ್ತಲೂ ತುಳಿಯುತ್ತಿದ್ದವಂತೆ; ಒಕ್ಕಣೆ ಯಂತ್ರ ಬಂದ ಮೇಲೆ ಕಿತ್ತು ಹಾಕಿದ್ದರು. ಅಲ್ಲೊಂದು ಕಲ್ಲಿನ ಮೇಟಿ ನಿಲ್ಲಿಸೋಣ, ತೆಗೆಯುವಂತೆ ಕುಳಿ ಮಾಡಿಕೊಡುತ್ತೇನೆ ಎಂದರು ಕಲ್ಲಿನವರು. ಅಜ್ಜಿ ಒಪ್ಪಲಿಲ್ಲ. ಮೇಟಿ ಅಂದರೆ ಮರದ್ದು, ಅದೂ ಹಾಲು ಬರುವ ಮರದ್ದು, ಸುಗ್ಗಿಯಲ್ಲಿ ಪೂಜೆ ಮಾಡಬೇಕಲ್ಲ ಎಂದರು. ಮಾತು ಬಹಳ ಬೆಳೆಯಲಿಲ್ಲ. ಕುಳಿ ಕಲ್ಲಿನದು, ಮೇಟಿ ಅತ್ತಿಮರದ್ದು, ಕೂಚದ ಸಾಲು ಮೇಟಿಗೆ ನೇರ ಎಂದು ನಕ್ಷೆಯಲ್ಲಿ ಗುರುತು ಹಾಕಿದೆ. ಹೊಂಗೆ ಸಸಿಗೆ ಗುಂಡಿ ಯುಗಾದಿ ಕಳೆದ ಮೇಲೆ, ನೆಡುವುದು ಮೊದಲ ಮುಂಗಾರಿಗೆ. ಕುಂಟೆಯ ಹೂಳು ಮಾತ್ರ ಮುಂದಿನ ವಾರವೇ ತೆಗೆಯಲು ಶುರು.